ಚತುರ್ದಶಿಯ ಧೂಳು

ಹಲೋ... ಹಾಂ, ಯಾರ್ರೀ ಮಾತಾಡೂದು?

…

ಹೌದ್ರಿ, ತವನಪ್ಪನೇ ಮಾತಾಡಾಕತ್ತೇನಿ, ಐನಾಪುರದಿಂದ. ಹೊಳಿ ಚಿಪ್ಪಿನ ಕೆಲಸದ ತವನಪ್ಪ, ಹೌದ್ರಿ. ಜುಮಕಿ ಬೇಕಾಗಿದ್ದೂ ಏನ್ರಿ? ಮದವಿ ಆರ್ಡರ ಇದ್ರ ಈಗ ತಗೊಳ್ಳಾಕತ್ತಿಲ್ರಿ. ಕೆಲಸ ನಿಲ್ಲಿಸೇನಿ. ನಿಪ್ಪಾಣಿ ಅಂಗಡ್ಯಾವರಿಗೂ ಹೇಳಿ ಕಳಿಸೇನಿ, ಅವರು ನನ್ನ ನಂಬರ ಇನ್ನಾ ಮಂದಿಗೆ ಕೊಡೂದ ಬಿಟ್ಟಿಲ್ಲ...

…

ಯಾರು? ಸುಜಯ? ಅಯ್ಯ, ಅಳಿಯಂದಿರ, ದನೀನೇ ಗುರ್ತ ಸಿಗಲಿಲ್ಲ ನೋಡ್ರಿ. ಹೊಸಾ ನಂಬರೇನ್ರಿ? ಹಾಂ, ಹಾಂ... ನಾ ಯಾರೋ ಗಿರಾಕಿ ಅಂತ ತಿಳದು ಬಡಬಡ ಮಾತಾಡಿಬಿಟ್ಟೆ. ಕೊಲ್ಲಾಪುರದಾಗ ಮಳಿ ಹೆಂಗೈತ್ರಿ?

…

ಊಟ ಆತ್ರಿ. ಇವತ್ತ ಚತುರ್ದಶಿ ಅಲ್ಲಾ, ಒಪ್ಪತ್ತು. ಹನ್ನೆರಡಕ್ಕ ಬ್ಯಾಳಿ ರೊಟ್ಟಿ ಉಂಡು ಮುಗಿಸೇನಿ. ಪರ್ವದ ದಿನ ಹಸರ ಪಲ್ಯಾ ಮುಟ್ಟಂಗಿಲ್ಲಲಾ, ಒಬ್ಬಾಂವಗ ಛಲೋನೇ ಆತು, ಸೋಸೂ ಕೆಲಸ ತಪ್ಪತೈತಿ.

…

ಹಲೋ? ಕಟ್ ಕಟ್ ಆಗಾಕತ್ತೈತಿ. ತಡೀರಿ, ನಾ ಹೊರಗ ಬರತೇನಿ. ಇಲ್ಲಿ ಒಳಗ, ಮೋಟರ ಬಾಜೂಕ, ರೇಂಜ ನಿಲ್ಲೂದಿಲ್ಲ. ಬಾಗಲದಾಗ ಬಂದ್ರ ಎಂದೂ ಹೋಗಂಗಿಲ್ಲ... ಹಾಂ, ಬಂದೆ. ನಿಮ್ಮ ಅತ್ತಿ ಕುಂಡ್ರತಿದ್ದ ಜಾಗಾ ಇದು. ಮೂವತ್ತೆಂಟ ವರ್ಷ ಇದೇ ಬಾಗಲದಾಗ ಗಾಳಿಗೆ ಕುಂತು ಚಿಪ್ಪಿಗೆ ಪಾಲಿಶ ಹೊಡದಳು. ಹೇಳ್ರಿ ಈಗ. ಬ್ರಾಹ್ಮಿ ಹೆಂಗದಾಳ? ನಾ ಫೋನ ಹಚ್ಚಿದ್ರ ಎತ್ತವಲ್ಲಳು. ಹದಿನೈದ ದಿನಾ ಆತು.

…

ಉಣವಲ್ಲಳಾ?

…

ಹಾಂ... ಹಾಂ... ರಾಜೀನಾಮಾ? ಯಾಕ್ರಿ? ಅಷ್ಟ ಛಲೋ ಕೆಲಸ. ಕಾರಿನ ಸಾಮಾನ ಹೆಂಗ ಹಗರ ಮಾಡಬೇಕು, ಹೆಂಗ ಗಟ್ಟಿ ಮಾಡಬೇಕು ಅನ್ನೂದು ನನ್ನ ಮಗಳ ಸಾಫ್ಟ್‌ವೇರ್ ಹೇಳತೈತಿ ಅಂತ ಆಕಿ ಅವ್ವ ಬಸದಿ ಕಟ್ಟಿ ಮ್ಯಾಲ ಕುಂತು ಊರಿಗೆಲ್ಲಾ ಹೇಳ್ಯಾಳ. ಬರದ ಕೊಟ್ಟೇಬಿಟ್ಟಾಳೇನು, ಇನ್ನಾ ಕೊಡಬೇಕೋ?

…

ಸೋಮವಾರ ಕೊಡಾಕಿ. ಹಾಂ. ಇನ್ನಾ ಎರಡ ದಿನಾ ಐತಿ ಹಂಗಾರ. ಯಾಕಂತ ಕೇಳಿದ್ರೇನು ನೀವು?

…

ಏನಂದ್ರಿ? ಇನ್ನೊಮ್ಮೆ ಹೇಳ್ರಿ.

…

ತನ್ನ ಪ್ರೋಗ್ರಾಮ ಅವ್ವನ್ನ ಕೊಂದತಿ ಅಂತಾಳಾ. ಹಂಗ ಅಂತಾಳಾ ಆಕಿ.

…

ಐದ ತಿಂಗಳಿಂದ ಅದರಾಗ ತಪ್ಪ ಹುಡಕಾಕತ್ತಾಳ... ಒಂದೊಂದ ಸಾಲು... ಸಿಕ್ಕಿಲ್ಲ. ಹೌದ್ರಿ, ಸಿಗಂಗಿಲ್ಲ ಅದು.

…

ಇಲ್ಲ, ಏನಿಲ್ಲ. ಸುಮ್ನ ಅಂದೆ. ಬಾಜೂಕ ಅದಾಳೇನು? ಕೊಡ್ರಿ ಫೋನ. ಸಿಟ್ಟ ಮಾಡಂಗಿಲ್ರಿ. ಆಕಿ ಮ್ಯಾಲ ನಾ ಯಾವಾಗ ಸಿಟ್ಟ ಮಾಡೇನಿ? ಮಗ್ಗಿ ತಪ್ಪಿದ್ರ ನನಗೇ ತಿದ್ದತಿದ್ದಳು ಹುಡಗಿ. ಕೊಡ್ರಿ.

…

ಬ್ರಾಹ್ಮೀ... ಮಗಳ, ಬಾಳಾ...

…

ಮಾತಾಡು. ಅಳಬೇಕಂದ್ರ ಅಳು, ಫೋನ ಮಾತ್ರ ಇಡಬ್ಯಾಡ.

…

ನಾ ಛಲೋ ಅದೇನಿ. ನೀ ಯಾಕ ಉಣವಲ್ಲಿ? ನಿಮ್ಮವ್ವ ಇದ್ದಿದ್ರ ಬೆತ್ತಾ ತಗೊಂಡ ಕೊಲ್ಲಾಪುರ ಬಸ್ ಹತ್ತತಿದ್ದಳು, ಗೊತ್ತೈತೇನ?

…

ಹಾಂ, ಸುಜಯ ಹೇಳ್ಯಾರ. ಹಂಗ ಅನಬ್ಯಾಡ. ನೀ ಯಾರನೂ ಕೊಂದಿಲ್ಲ. ಪ್ರೋಗ್ರಾಮೇನ ಕೈ ಕಾಲ ಇದ್ದ ಮನಷ್ಯಾನ?

…

ಅಲ್ಲ, ಕೇಳ ನನ್ನ ಮಾತ. ನೆನಪೈತಿಲ್ಲೊ ನಿನಗ, ನಮ್ಮ ಚಿಪ್ಪಿನ ಕೆಲಸಕ್ಕೂ ನಿನ್ನ ಪ್ರೋಗ್ರಾಮ ಹಚ್ಚಾಕ ನೀ ಲ್ಯಾಪ್‌ಟಾಪ್ ತಗೊಂಡ ಇದೇ ಕಟ್ಟಿ ಮ್ಯಾಲ ಕುಂತಿದ್ದಿ. ಏನವಾ ಇದು ಅಂತ ನಾ ಕೇಳಿದೆ. ನೀ ಅಂದಿ, ಅಪ್ಪಾ, ಇದರಾಗ ನಾಕ ಮಂದಿ ಹಿರೇರ ಅದಾರ. ಒಬ್ಬಾಂವ ಅಂತಾನ, ಜುಮಕಿ ಗಟ್ಟಿ ಇರಬೇಕು, ಬಿದ್ರ ಒಡೀಬಾರದು. ಇನ್ನೊಬ್ಬಾಂವ ಅಂತಾನ, ಹಗರ ಇರಬೇಕು, ಕಿವಿ ಜಗ್ಗಬಾರದು. ಮೂರನೇದಾಂವ, ಲಗೂ ಆಗಬೇಕು ಅಂತಾನ. ನಾಕನೇದಾಂವ, ಧೂಳ ಕಡಿಮಿ ಏಳಬೇಕು ಅಂತಾನ. ಒಬ್ಬನ ಮಾತ ಕೇಳಿದ್ರ ಇನ್ನೊಬ್ಬ ಮುನಿಸ್ಕೊಂತಾನ. ನಾಕೂ ಮಂದೀನ ಒಂದ ಕಟ್ಟಿ ಮ್ಯಾಲ ಕುಂದ್ರಸಿ ಒಂದ ಮಾತಿಗೆ ತರೂದೇ ಈ ಸಾಫ್ಟ್‌ವೇರಿನ ಕೆಲಸ, ಇದಕ್ಕ ಆಪ್ಟಿಮೈಜೇಶನ್ ಅಂತಾರ ಅಂದಿ. ನಾ ನಕ್ಕಿದ್ದೆ. ನಮ್ಮೂರಾಗ ಇಬ್ಬರ ಹಿರೇರು ಒಂದ ಮಾತಿಗೆ ಬರಂಗಿಲ್ಲ, ನೀ ನಾಕ ಮಂದೀನ ತರಾಕಿ ಅಂದಿದ್ದೆ. ನಿಮ್ಮವ್ವ ಪಾಲಿಶ ಬಿಟ್ಟು ಬಾಯಿಗೆ ಸೆರಗ ಹಿಡಕೊಂಡ ನಕ್ಕಿದ್ದಳು.

…

ಹಾಂ. ಗೊತ್ತೈತಿ. ಆ ನಾಕನೇದಾಂವ.

…

ಗೊತ್ತೈತಿ ಬಾಳಾ. ಧೂಳ ಕಡಿಮಿ ಐತಿ ಅಂತ ನಿನ್ನ ಪ್ರೋಗ್ರಾಮ ತಿಳೀತು, ಹಂಗಾಗಿ ಅವ್ವನ ಜಾಗಾ ಬದಲ ಮಾಡ ಅಂತು. ಬಾಗಲದಿಂದ ಎದ್ದು ಬಂದು ಒಳಗ ಚಕ್ರದ ಎದರಿಗೆ ಕುಂತ್ರ, ನಾ ಕೊರದದ್ದನ್ನ ಕೈಯಾಗಿಂದ ಕೈಗೇ ತಗೊಂಡ ಪಾಲಿಶ ಮಾಡಬೌದು, ಹೋಗಿ ಬರೂ ಹೊತ್ತ ಉಳಿತೈತಿ ಅಂತು. ಎರಡ ವರ್ಷ ಹಂಗೇ ಕುಂತಳು. ಇದರಾಗ ನಿಂದೇನ ತಪ್ಪ?

…

ಅಂಕಿ ಕೊಟ್ಟಾವರು ನಾವು. ನೀ ಹೇಳಿದಂಗ ಮಾಡಿದಿವಿ. ನೀ ಮೊಳಿಗೆ ಕಟ್ಟಿದ ಬಿಳೇ ಬಟ್ಟಿ, ನಮ್ಮಿಬ್ಬರ ಮೂಗಿನ ಎತ್ತರಕ್ಕ ಕಟ್ಟಿದ್ದಿ ನೋಡು, ಅದನ್ನ ಮುಂಜಾನೆ ಒಮ್ಮೆ ತೂಗೂದು, ಸಂಜಿಗೆ ಒಮ್ಮೆ ತೂಗೂದು. ಬಂಗಾರ ತೂಗೂ ಮಷಿನ್ ನೀನೇ ತಂದ ಕೊಟ್ಟಿದ್ದಿ. ಎಷ್ಟ ಹೆಚ್ಚಾತೋ ಅಷ್ಟ ಧೂಳ. ನಿಮ್ಮವ್ವ ವಹಿಯಾಗ ಬರದು, ನಿನಗ ಫೋನಿನಾಗ ಹೇಳತಿದ್ದಳು. ಒಂದ ದಿನಾ ತಪ್ಪಿಸಿಲ್ಲ ಆಕಿ.

…

ಹಾಂ, ನೀಲಿ ವಹಿ. ಅವ್ವನ ದಿನಾ-ಕರ್ಮ ಮುಗಿಸಿ ಹೋಗುವಾಗ ನೀ ತಗೊಂಡ ಹೋದ್ಯಲಾ. ಅವ್ವನ ಅಕ್ಷರ ಐತಿ, ಇರಲಿ ನನ್ನ ಹತ್ತರ ಅಂದಿ. ನಾ ಬ್ಯಾಡ ಅನ್ನಾಕಾಗಲಿಲ್ಲ.

…

ತಿಥಿ? ಏನ ತಿಥಿ?

…

ಹೌದು, ಆಕಿ ತಿಥಿ ಬರೀತಿದ್ದಳು. ತಾರೀಖ ಬರದು, ಬಾಜೂಕ ಸಣ್ಣಾಗಿ ಪಾಡ್ಯ, ಬಿದಿಗಿ ಅಂತ ಬರ್ಯಾಕಿ. ಹಾಲಿನ ಲೆಕ್ಕಕ್ಕೂ ತಿಥಿ ಬರ್ಯಾಕಿ ನಿಮ್ಮವ್ವ. ನಿನಗ ಫೋನಿನಾಗ ತಾರೀಖ ಅಷ್ಟ ಹೇಳತಿದ್ದಳು, ನಿನ್ನ ಕಂಪ್ಯೂಟರಿಗೆ ತಿಥಿ ಎಲ್ಲಿ ತಿಳಿತೈತಿ ಅಂತ. ಅದಕ್ಕ ಏನೀಗ?

…

ಹೇಳು.

…

ಹಾಂ. ದಿನಾ ಕಾಲ ಗ್ರಾಮ, ಕಾಲ ಗ್ರಾಮ... ತಿಂಗಳಿಗೆ ನಾಕ ದಿನ ಎರಡ ಗ್ರಾಮ.

…

ಎರಡ ಅಷ್ಟಮಿ, ಎರಡ ಚತುರ್ದಶಿ.

…

ಪ್ರತಿ ತಿಂಗಳಾ?

…

ಮತ್ತ ನೀ ಆ ನಾಕ ದಿನದ ಅಂಕಿ ಏನ ಮಾಡಿದಿ?

…

ತಗದ ಒಗದಿ. ಹಾಂ. ಗಾಳಿ ಬೀಸಿರಬೇಕು, ಮಷಿನ್ ಕೆಟ್ಟಿರಬೇಕು, ಅವ್ವ ತಪ್ಪ ಓದಿರಬೇಕು ಅಂತ ತಿಳದಿ. ಎಲ್ಲಾ ಅಂಕಿ ಒಂದ ಕಡೆ ಇದ್ದು ನಾಕ ಅಂಕಿ ದೂರ ನಿಂತ್ರ ಅವನ್ನ ತಗದ ಒಗೀತಾರ, ನಿಮ್ಮ ವಿದ್ಯಾದಾಗ ಹಂಗೈತಿ. ಹಾಂ.

…

ಇಲ್ಲೇ ಅದೇನಿ. ಹೋಗಿಲ್ಲ ಎಲ್ಲೂ. ಏನ ಕೇಳಾಕತ್ತಿ ನೀ?

…

ಆ ದಿನಾ ಹೆಚ್ಚ ಕೆಲಸ ಮಾಡತಿದ್ದಿರೇನ ಅಂತ.

…

ಹಾಂ ಮತ್ತ. ನೋಡು, ಉಳದ ದಿನಾ ಹೊತ್ತ ಮುಣಗೂದರಾಗ ಉಣಬೇಕು ನಾವು. ಐದ ಹೊಡೀತಂದ್ರ ನಿಮ್ಮವ್ವ ಎದ್ದು ರೊಟ್ಟಿ ಬಡ್ಯಾಕ ಹೋಗತಿದ್ದಳು. ಒಪ್ಪತ್ತ ಇದ್ದ ದಿನಾ ಸಂಜಿ ಅಡಗಿ ಇಲ್ಲ, ಏಳೂದಿಲ್ಲ, ಕುಂತೇ ಇರತಿದ್ದಳು. ಹಿಂಗಾಗಿ ಆ ದಿನಾ ಕೆಲಸಾನೂ...

…

ತಡಿ. ತಡಿ ಬಾಳಾ. ಆ ಮಾತ ಬಿಟ್ಟಬಿಡು. ಅದರಾಗ ಒಂದೊಂದ ಮಾತೂ ಖರೇ, ಕೂಡಿಸಿದ್ರ ಸುಳ್ಳ ಆಗತೈತಿ. ಇವತ್ತ ನಾ ಅದನ್ನ ಹೇಳಬಾರದು.

…

ನೀರ ಕುಡದ ಬರತೇನಿ, ಇರು.

…

ಹಾಂ, ಬಂದೆ. ಅದೀ ಇಲ್ಲೊ?

…

ಬ್ರಾಹ್ಮೀ, ಆ ನಾಕ ದಿನಾ ಹೆಚ್ಚ ಧೂಳ ಏಳತಿದ್ದಿಲ್ಲ. ದಿನಾ ಅಷ್ಟೇ ಏಳತಿತ್ತು. ದಿನಾ ಎರಡ ಗ್ರಾಮ.

…

ಮಷಿನ್ ಛಲೋನೇ ಇತ್ತು. ಅವ್ವ ಬರದದ್ದೂ ಸರಿ. ನಾನೇ... ನಿಮ್ಮವ್ವ ಐದಕ್ಕ ಒಳಗ ಹೋಗತಿದ್ದಳಲ್ಲಾ, ಆವಾಗ ನಾ ಆ ಬಟ್ಟಿ ಮೊಳಿಯಿಂದ ತಗದು, ಹಿತ್ತಲದಾಗ ಒಯ್ದು ಧೂಳೆಲ್ಲಾ ಝಾಡಸತಿದ್ದೆ. ಝಾಡಿಸಿ ಮತ್ತ ಕಟ್ಟತಿದ್ದೆ. ಆಕಿ ಕೈ ಒರಸ್ಕೋತ ಬಂದು ಅದನ್ನ ತೂಗಿ ಬರ್ಯಾಕಿ.

…

ಬ್ರಾಹ್ಮೀ?

…

ಕೇಳಸತಲ್ಲಾ, ಮತ್ಯಾಕ ಇನ್ನೊಮ್ಮೆ ಹೇಳಸತಿ. ಝಾಡಸತಿದ್ದೆ. ಬಟ್ಟಿ ಝಾಡಸತಿದ್ದೆ ನಾ.

…

ಎರಡೂ ವರ್ಷ. ಮೊದಲನೇ ವಾರ ಬಿಟ್ಟು.

…

ಯಾಕಂದ್ರ... ಮೊದಲನೇ ವಾರದ ಅಂಕಿ ನೋಡಿ ನೀ ಹುಬ್ಬ ಗಂಟ ಹಾಕಿದಿ. ಹಿಂಗ ಧೂಳ ಎದ್ರ ನೀರ ಬಿಟ್ಟಗೊಂಡ ಕೊರೀಬೇಕಾಗತೈತಿ ಅಪ್ಪಾ ಅಂದಿ. ನೀರ ಬಿಟ್ರ ಚಿಪ್ಪಿನ ಗೆರಿ ಕಾಣಂಗಿಲ್ಲ, ಬಾಳಾ. ಒಣಾ ಇದ್ದಾಗ ಅದು ಬಣ್ಣಾ ತೋರಸತೈತಿ, ಎಲ್ಲಿ ಗುಲಾಬಿ, ಎಲ್ಲಿ ಹಸರ, ಎಷ್ಟ ಆಳ ಹೋದ್ರ ತೂತ ಬೀಳತೈತಿ, ಎಲ್ಲಾ ತಿಳಿತೈತಿ. ನಮ್ಮಪ್ಪ ಕಲಿಸಿದ ಎಂಟ ಎಸಳಿನ ಕಮಲ, ಅದು ಒಣಾ ಕೆಲಸದಾಗ ಅಷ್ಟ ಏಳತೈತಿ. ನೀರಿನಾಗ ಮಾಡಿದ್ರ ಬಿಸ್ಕೀಟಿನ ಮ್ಯಾಲಿನ ಹೂವ ಆಗತೈತಿ. ಸೊಕ್ಕ ಅನ್ನು. ಸೊಕ್ಕೇ ಅದು. ಐನಾಪುರದ ತವನಪ್ಪನ ಕಮಲ ಅಂತ ಸಾಂಗಲಿ ಮಂದಿ ಹುಡಕ್ಕೊಂಡ ಬರತಿದ್ರು, ಅದಕ್ಕ ಕಂಪ್ಯೂಟರ ಬ್ಯಾಡ ಅಂದ್ರ ಹೆಂಗ ಅಂತ, ಚಕ್ರಾ ಸಾವಕಾಶ ತಿರಗಸತೇನಿ, ಹಂಗಾಗಿ ಧೂಳ ಇಳದೈತಿ ಅಂತ ನಿನಗ ಹೇಳಿ, ಒಂದೆರಡ ದಿನಾ ಝಾಡಿಸಿ ನೋಡೂಣು ಅಂತ ಮಾಡಿದೆ.

…

ಹಾಂ. ಒಂದೆರಡ ದಿನಾ ಅಂತ ಹೋದದ್ದು ಎರಡ ವರ್ಷ ಆತು.

…

ಬಿಡಬೌದಿತ್ತು. ಹೌದು. ಬಿಡಬೇಕಂತ ಮಾಡಿದ್ದೆ. ಅಷ್ಟೊತ್ತಿಗೆ ನಿನ್ನ ಪ್ರೋಗ್ರಾಮ ನಿಮ್ಮವ್ವನ್ನ ತಂದು ನನ್ನ ಎದರಿಗೆ ಕುಂದ್ರಿಸಿತು. ಇದನ್ನ ಹೆಂಗ ಹೇಳಲಿ ನಾ ನಿನಗ, ಮಗಳಿಗೆ ಹೇಳೂ ಮಾತಲ್ಲ. ಮೂವತ್ತೆಂಟ ವರ್ಷ ಆಕಿ ಬಾಗಲದಾಗ, ನಾ ಒಳಗ. ಮೋಟರ ಸಪ್ಪಳದಾಗ ಆಕಿ ಅಂದದ್ದು ನನಗ ಕೇಳತಿದ್ದಿಲ್ಲ, ನಾ ಅಂದದ್ದು ಆಕಿಗೆ ಕೇಳತಿದ್ದಿಲ್ಲ. ಎದರಿಗೆ ಬಂದ ಕುಂತ ಮ್ಯಾಲ ಗೊತ್ತಾತು, ನಿಮ್ಮವ್ವ ದಿನಾ ತನ್ನಷ್ಟಕ್ಕ ತಾನ ಹಾಡತಿದ್ದಳು ಅನ್ನೂದು. ಅಷ್ಟ ವರ್ಷ ಹಾಡ್ಯಾಳ, ನಾ ಕೇಳೇ ಇಲ್ಲ. ಧೂಳ ಎರಡ ಗ್ರಾಮ ಅಂತ ನಿನಗ ಗೊತ್ತಾದ್ರ ನೀ ಆಕಿನ ಎಬ್ಬಿಸಿ ಮತ್ತ ಬಾಗಲಿಗೆ ಕಳಸತಿದ್ದಿ. ಅದಕ್ಕ ಝಾಡಿಸಿದೆ.

…

ಅಳಬ್ಯಾಡ. ಅಲ್ಲ, ಅಳು. ನಾ ಯಾವ ಬಾಯಿಲೆ ಬ್ಯಾಡ ಅನ್ನಲಿ.

…

ಕೆಮ್ಮ ಬಂದಾಗ? ಕೆಮ್ಮ ಬಂದಾಗ ಹವಾ ಬದಲಾಗೇತಿ ಅಂದಳು ಆಕಿ. ನಾನೂ ಹಂಗೇ ಅಂದೆ. ಕಬ್ಬಿನ ರವದಿ ಸುಡಾಕತ್ತಾರ, ಆ ಹೊಗಿಗೆ ಅಂದೆ. ಜೇಷ್ಠಮಧು ತಂದ ಕೊಟ್ಟೆ. ಕೆಮ್ಮಕೋತ ಕುಂಡ್ರಾಕಿ, ಹೊರಗ ಕುಂಡ್ರ ಹೋಗು ಅಂದ್ರ ಒಲ್ಲೆ ಅನ್ನಾಕಿ. ಒಮ್ಮೆ ಅಂದೆ ನೋಡು. ಒಮ್ಮೆ ಅಷ್ಟ. ಎರಡನೇ ಸಲ ಅನ್ನಲಿಲ್ಲ.

…

ಆ ನಾಕ ದಿನಾ ಯಾಕ ಝಾಡಸಲಿಲ್ಲ ಅಂತ ಕೇಳತಿ. ನಿನಗ ಗೊತ್ತಿಲ್ಲೇನು? ನೀ ಸಣ್ಣಾಕಿ ಇದ್ದಾಗ ನಮ್ಮ ಬಸದ್ಯಾಗ ಚಾತುರ್ಮಾಸ ಆತು, ಮುನಿ ಮಹಾರಾಜರು ಎಲ್ಲಾರ ಕಡಿಂದ ಒಂದೊಂದ ನೇಮ ಹಿಡಸಾಕತ್ತಿದ್ದರು. ಯಾರೋ ಗಜ್ಜರಿ ಬಿಟ್ರು, ಯಾರೋ ಚಪ್ಪಲ ಬಿಟ್ರು. ನನಗ, ಸುಳ್ಳ ಬಿಡು ತವನಪ್ಪ ಅಂದರು. ದಿನಾ ಆಗಂಗಿಲ್ರಿ ಮಹಾರಾಜ, ವ್ಯಾಪಾರ ಮಾಡಾಂವ ಅದೇನಿ, ಅಷ್ಟಮಿ ಚತುರ್ದಶಿ ಅಷ್ಟ ಬಿಡತೇನಿ ಅಂದೆ. ಮಂದಿ ನಕ್ಕರು. ಮಹಾರಾಜರು ನಗಲಿಲ್ಲ. ಅಷ್ಟರ ಹಿಡಿ, ಉಳದದ್ದು ತಾನೇ ಬರತೈತಿ ಅಂದರು. ಇಪ್ಪತ್ತೆರಡ ವರ್ಷ ಆತು. ಉಳದದ್ದು ಬರಲಿಲ್ಲ.

…

ಹೌದು. ಆ ನಾಕ ದಿನಾ ಬಟ್ಟಿ ಮುಟ್ಟಲಿಲ್ಲ. ಸುಳ್ಳ ತೂಗಿಸಿದ್ರ ಅದೂ ಸುಳ್ಳೇ ಅಲ್ಲಾ.

…

ಬ್ಯಾಡ, ಆ ಮಾತ ಅನಬ್ಯಾಡ. ನೀ ಒಗದದ್ದು ತಪ್ಪಲ್ಲ. ಇಪ್ಪತ್ತಾರ ಸುಳ್ಳಿನ ನಡಕ ನಾಕ ಖರೇ ನಿಂತ್ರ ಯಾರಿಗೆ ಅವು ಖರೇ ಅನಸತಾವ? ದೊಡ್ಡ ದೊಡ್ಡ ಕಂಪನಿ ಸಾಮಾನ ತೂಗೂ ಬುದ್ಧಿ ನಿಂದು. ಎದರಿಗೆ ಕುಂತಾಂವ ನಿಮ್ಮಪ್ಪ ಅಂತ ನಂಬಿದಿ, ಅಷ್ಟ. ನಿನ್ನ ಪ್ರೋಗ್ರಾಮಿನಾಗ ತಪ್ಪಿಲ್ಲ. ಸೋಮವಾರ ಆ ಕಾಗದ ಕೊಡಬ್ಯಾಡ. ಹರದ ಒಗಿ.

…

ಏನು?

…

ಮೀರಜ ದವಾಖಾನ್ಯಾಗ... ಹಾಂ.

…

ಹೌದು, ಕೇಳಿದ್ದಿ. ಡಾಕ್ಟರು ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡದು, ಇದು ಧೂಳಿಂದ ಆದದ್ದು, ಎದಿ ಕಲ್ಲಾಗೇತಿ ಅಂದರು. ನೀ ಅಂದಿ, ಇರಾಕ ಸಾಧ್ಯ ಇಲ್ಲ, ನನ್ನ ಹತ್ತರ ಎರಡ ವರ್ಷದ ಅಂಕಿ ಅದಾವ ಅಂತ. ಆಮ್ಯಾಲ ನನ್ನ ಕಡೆ ತಿರಗಿ ಕೇಳಿದಿ, ಅಪ್ಪಾ, ಸರಿಯಾಗಿ ತೂಗೀರಿಲ್ಲೊ ಅಂತ. ನಾ ಹೂಂ ಅಂದೆ. ನಿನ್ನ ಮಾರಿ ನೋಡೇ ಅಂದೆ. ಅವತ್ತ ದಶಮಿ ಇತ್ತು.

…

ಹಾಂ, ದಶಮಿ. ನನಗ ನೆನಪೈತಿ. ಹೂಂ ಅಂದ ಮ್ಯಾಲ ಮನಸಿನಾಗ ಎಣಿಸಿದೆ, ಇವತ್ತ ಯಾವ ತಿಥಿ ಅಂತ. ಅಂಥಾ ಮನಷ್ಯಾ ನಾ.

…

ಬೈಯ್ ಬೇಕಾರ. ನಿಮ್ಮವ್ವ ಬೈಯ್ದಂಗ ಬೈಯ್.

…

ಅವ್ವಗ ಗೊತ್ತಿತ್ತಾ ಅಂತ?

…

ಗೊತ್ತಿಲ್ಲ ಬಾಳಾ. ಖರೇನೇ ಗೊತ್ತಿಲ್ಲ. ಒಮ್ಮೆ, ಯಾವದೋ ಅಷ್ಟಮಿ ದಿನಾ, ತೂಗಿ ಬರದು ವಹಿ ಹಿಂದಕ್ಕ ತಿರುವಿ ನೋಡಿದಳು. ಇದೇನ್ರಿ, ನಮ್ಮ ಮನಿ ಧೂಳೂ ನೇಮ ಹಿಡದತ್ಯಲಾ, ಪರ್ವದ ದಿನಾ ಬರಾಬರಿ ಹಾಜರಾಗತೈತಿ ಅಂತ ನಕ್ಕಳು. ನಾನೂ ನಕ್ಕೆ. ಮತ್ತ ಕೇಳಲಿಲ್ಲ ಆಕಿ. ಪಾಲಿಶ ಬಟ್ಟಿ ತಗೊಂಡು ಎದರಿಗೆ ಕುಂತಳು, ಹಾಡಾಕ ಹತ್ತಿದಳು. ಅರ್ಥಾ ಆಗಿತ್ತೋ ಇಲ್ಲೋ. ಆಗಿತ್ತು ಅನಸತೈತಿ. ದವಾಖಾನ್ಯಾಗ ಮೂಗಿಗೆ ನಳಿ ಹಾಕಿದಾಗ ನನ್ನ ಕೈ ಹಿಡದು ಏನಂದಳು ಗೊತ್ತೈತೇನು? ಮನಿಗೆ ಹೋದ ಮ್ಯಾಲ ಮತ್ತ ಅಲ್ಲೇ ಕುಂಡ್ರತೇನ್ರಿ, ಬಾಗಲಿಗೆ ಕಳಸಬ್ಯಾಡ್ರಿ ಅಂದಳು.

…

ಹಾಂ... ಹಾಂ... ಅಳು.

…

ಸುಜಯ ಅವರ ಅದಾರಿಲ್ಲೊ ಬಾಜೂಕ? ನೀರ ಕುಡಿ ಒಂದೀಟು.

…

ನಾ ಏನ ಮಾಡಾಕತ್ತೇನಿ ಅಂದ್ರ? ಏನಿಲ್ಲ. ಮುಂಜಾನೆ ಬಸದಿ, ಆಮ್ಯಾಲ ಇಲ್ಲೇ. ಚಕ್ರಾ ಹಚ್ಚೂದಿಲ್ಲ. ನಿಮ್ಮವ್ವ ಅರ್ಧಾ ಪಾಲಿಶ ಮಾಡಿದ ಪದಕ ಹಂಗೇ ಇಟ್ಟೇನಿ, ಅರ್ಧಾ ಹೊಳಿತೈತಿ, ಅರ್ಧಾ ಇಲ್ಲ. ಆ ಬಟ್ಟೀನೂ ಮೊಳಿಗೆ ಹಂಗೇ ಐತಿ. ಆಕಿನ ಮೀರಜಕ್ಕ ಒಯ್ದ ದಿನದಿಂದ ಝಾಡಿಸಿಲ್ಲ.

…

ಒಂದ ಮಾತ ಹೇಳಲೇನು? ಜೀವಾ ಇದ್ದ ಚಿಪ್ಪ ನಾ ಎಂದೂ ಮುಟ್ಟಿಲ್ಲ. ಜೈನಾಗಿ ಚಿಪ್ಪಿನ ಕೆಲಸಾ ಮಾಡತಿ ಅಂತ ಮಂದಿ ಮಾತಾಡತಿದ್ರು, ಅದಕ್ಕ. ದೀಪಾವಳಿ ಆಗಿ ಹೊಳಿ ಇಳದ ಮ್ಯಾಲ, ಯಡೂರ ತನಕ ದಂಡಿ ಹಿಡದ ನಡದು, ತಾನೇ ಸತ್ತು ಬಾಯಿ ತಗದ ಬಿದ್ದದ್ದನ್ನ ಆರಿಸಿ ತರತಿದ್ದಿವಿ. ಒಂದೊಂದನ್ನೂ ಕಿವಿಗೆ ಹಿಡದು, ಬೆರಳ ಹಾಕಿ, ಒಳಗೇನೂ ಇಲ್ಲ ಅಂತ ನೋಡತಿದ್ದೆ. ಸಂಶಯ ಬಂದ್ರ ತಿರಗಿ ನೀರಿಗೆ ಬಿಡತಿದ್ದೆ. ಒಂದ ಹುಳಾ ನನ್ನ ಕೈಯಾಗ ಸಾಯಬಾರದು ಅಂತ. ಎದರಿಗೆ ಕುಂತಾಕಿ ಎದ್ಯಾಗ ಏನ ತುಂಬಾಕತ್ತೈತಿ ಅಂತ ಮಾತ್ರ ನೋಡಲಿಲ್ಲ.

…

ಏನಂದಿ? ಕೇಳಸಲಿಲ್ಲ, ಜ್ವಾರಾಗಿ ಹೇಳು.

…

ಇವತ್ತೇ ಯಾಕ ಫೋನ ಮಾಡಿದಿ ಅಂತ ನಾ ನಿನ್ನ ಕೇಳಲಿಲ್ಲ ಅಂತಿ? ಸುಜಯ ಮಾಡಿದ್ರಲಾ.

…

ನೀ ಮಾಡಿಸಿದಿ.

…

ಕ್ಯಾಲೆಂಡರಿನಾಗ ಚತುರ್ದಶಿ ನೋಡಿ.

…

ಹಾಂ... ಹದಿನೈದ ದಿನದ ಹಿಂದೇ ವಹಿಯಾಗಿನ ತಿಥಿ ನೋಡಿ ತಿಳಕೊಂಡಿದ್ದಿ. ಅವತ್ತಿಂದೇ ನನ್ನ ಫೋನ ಎತ್ತಲಿಲ್ಲ. ಮತ್ತ ನಡಕ ಅಷ್ಟಮಿ ಬಂದಿತ್ತಲಾ, ಆವಾಗ ಯಾಕ ಕೇಳಲಿಲ್ಲ?

…

ಧೈರ್ಯ ಆಗಲಿಲ್ಲ. ಹಾಂ. ನಿಂದೇನ ತಪ್ಪ. ಹಂಗಾರ ನಾ ಏನ ಹೇಳಾಂವ ಅಂತ ನಿನಗ ಮೊದಲೇ ಗೊತ್ತಿತ್ತು. ನನ್ನ ಬಾಯಿಲೆ ಬರಬೇಕಾಗಿತ್ತು. ಬಂತಲಾ ಈಗ. ಈಗರ ಉಣತಿಲ್ಲೊ ನೀ?

…

ಇನ್ನೊಂದಾ? ಕೇಳು.

…

ನಾಳೆ ಕೇಳಿದ್ದರ ಅಂದ್ರ?

…

ನಾಳೆ ಹುಣ್ಣಿವಿ.

…

ಬ್ಯಾಡ ಬಾಳಾ, ಅದನ್ನ ಕೇಳಬ್ಯಾಡ. ಇವತ್ತ ಹೇಳೇನಲ್ಲಾ. ಎಲ್ಲಾ ಹೇಳೇನಿ. ಅಷ್ಟ ಸಾಕ ಮಾಡು.

…

ಬ್ರಾಹ್ಮೀ, ಹೊತ್ತ ಮುಣಗಾಕ ಬಂತು, ನೀ ಮೊದಲ ಉಣ್ಣು, ಆಮ್ಯಾಲ...

…

ಹಾಂ. ಕೇಳಬೇಕಂದ್ರ ಕೇಳಿದಿ. ಇವತ್ತ ಚತುರ್ದಶಿ, ನಾ ಹೇಳಬೇಕು. ನಾಳೆ ಕೇಳಿದ್ದರ ಸುಳ್ಳ ಹೇಳತಿದ್ದೆ. ಆ ದಿನಾ ಹೆಚ್ಚ ಕೆಲಸಾ ಮಾಡತಿದ್ದಿವಿ ಅಂತಿದ್ದೆ. ನೀ ಉಣದ ಕುಂತೀದಿ ಅಂತ ಗೊತ್ತಿದ್ದೂ, ಕೆಲಸಾ ಬಿಡತಿ ಅಂತ ಗೊತ್ತಿದ್ದೂ, ಅವ್ವನ್ನ ನೀನೇ ಕೊಂದಿ ಅಂತ ನೀ ಅಳತಿದ್ದರೂ, ಸುಳ್ಳೇ ಹೇಳತಿದ್ದೆ, ಬಾಳಾ.

…

ಬ್ರಾಹ್ಮೀ?

…

ಹಲೋ... ಸುಜಯ?... ಹಲೋ... ನಾ ಬಾಗಲದಾಗೇ ನಿಂತೇನಿ, ಯವ್ವಾ. ಇಲ್ಲಿ ರೇಂಜ ಎಂದೂ ಹೋಗಂಗಿಲ್ಲ...